ಸೂರೊಂದು, ಮೇಜು ಬೇರೆ ಬೇರೆ

ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೊರಟರೆ ಹೆದ್ದಾರಿಯಲ್ಲೇ ಬೇಗೂರು. ಇಲ್ಲಿಂದ ಎಂ.ಎ., ಎಂ.ಎಸ್ಸಿ. ಓದಲು ಹೋಗುವವರಿಗೆ ಹತ್ತಿರದವು ಎರಡು: ಮೈಸೂರಿನ ಮಾನಸಗಂಗೋತ್ರಿ, ಚಾಮರಾಜನಗರದ ಸುವರ್ಣಗಂಗೋತ್ರಿ. ಎರಡನೆಯದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಅದೇ ವರ್ಷದ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಚಾರ್ಜೂ ಉಳಿಯಿತು. ಹೋಗಿಬರುವುದೇನೋ ಸಲೀಸಾಯಿತು. ಹೋದಲ್ಲಿ, ತರಗತಿ ಮುಗಿದ ಮೇಲೆ, ಗ್ರಂಥಾಲಯದಲ್ಲಿ ಯಾರ ಜೊತೆ ಕೂರುವುದು?

ಗ್ರಂಥಾಲಯ ಮೇಷ್ಟ್ರಿಗೂ ವಿದ್ಯಾರ್ಥಿಗಳಿಗೂ ಸೇರಿದ್ದು ಎಂದು ಎಲ್ಲ ವಿಶ್ವವಿದ್ಯಾಲಯಗಳೂ ಹೇಳುತ್ತವೆ. ರೂಢಿಯಲ್ಲಿರುವುದು ಬೇರೆ. ಬಾಗಿಲಲ್ಲಿ ಬ್ಯಾಗು ಒಪ್ಪಿಸಿ ಟೋಕನ್ ಪಡೆದು ಒಳಗೆ ಹೋದರೆ ಉದ್ದನೆಯ ಮೇಜುಗಳು, ಅವುಗಳ ಮೇಲೆ ಕೆಎಎಸ್, ಪಿಎಸ್‌ಐ, ಕೆಸೆಟ್ ಗೈಡುಗಳು. ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿಗೆ ಬೆಳಿಗ್ಗೆಯೇ ಯಾರೋ ನೀರಿನ ಬಾಟಲಿ ಇಟ್ಟು ಜಾಗ ಹಿಡಿದಿರುತ್ತಾರೆ. ಮನೆಯಲ್ಲಿ ಫ್ಯಾನು, ಬೆಳಕು, ನಿಶ್ಶಬ್ದ ಮೂರೂ ಒಟ್ಟಿಗೆ ಸಿಗದವರು ಇವರು. ಅವರನ್ನು ಆಡಿಕೊಳ್ಳುವುದು ಸಲ್ಲದು. ಆದರೆ ಅಧ್ಯಾಪಕರೆಲ್ಲಿ? ಹೆಚ್ಚು ಪುಸ್ತಕ, ಹೆಚ್ಚು ದಿನ ಎಂಬ ಸವಲತ್ತಿನಲ್ಲಿ ಬೇಕಾದ್ದನ್ನು ತಮ್ಮ ಕೊಠಡಿಯ ಬೀರುವಿಗೆ ಸಾಗಿಸಿಕೊಂಡಿರುತ್ತಾರೆ. ಇಲ್ಲವೇ ‘ಅಧ್ಯಾಪಕರಿಗೆ ಮಾತ್ರ’ ಎಂಬ ಫಲಕದ ಮೂಲೆಯೊಂದಿರುತ್ತದೆ, ಖಾಲಿ ಕುರ್ಚಿಗಳ ಸಮೇತ.

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದರು. ಓದುಗನ ಸಮಯ ಉಳಿಸಿ ಎಂಬುದು ಆ ಸೂತ್ರಗಳಲ್ಲೊಂದು. ಪ್ರಬಂಧಕ್ಕೆ ಯಾವ ಪುಸ್ತಕ ಹಿಡಿಯಬೇಕೆಂದು ತಿಳಿಯದೆ ಕಪಾಟಿನ ಮುಂದೆ ಅರ್ಧ ದಿನ ಕಳೆಯುವ ಹುಡುಗಿಯ ಸಮಯ ಉಳಿಸಲು ಅದೇ ವಿಷಯದ ಮೇಷ್ಟ್ರು ಪಕ್ಕದ ಮೇಜಿನಲ್ಲಿದ್ದರೆ ಸಾಕು. ಮಾತಾಡಲು ಗಾಜಿನ ಬಾಗಿಲಿನ ಒಂದು ಕೋಣೆಯೂ ಬೇಕು. ನಮ್ಮ ಗ್ರಂಥಾಲಯಗಳು ಮೌನವನ್ನು ಕಾಯ್ದಷ್ಟು ಮಾತಿಗೆ ಎಡೆ ಕೊಟ್ಟಿಲ್ಲ ಎಂಬುದು ನನ್ನ ದೊಡ್ಡ ತಕರಾರು.

2025ರ ಜನವರಿಯಿಂದ ‘ಒಂದು ದೇಶ, ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾವಿರಾರು ಜರ್ನಲ್‌ಗಳು ತೆರೆದಿವೆ. ಹಾಗಾದರೆ ಕಟ್ಟಡವೇ ಬೇಡ ಎನ್ನುವವರಿದ್ದಾರೆ. ನನಗೆ ಕಾಣುವುದು ತದ್ವಿರುದ್ಧ. ಲೇಖನ ಮೊಬೈಲಿಗೇ ಬಂತು, ಸರಿ. ಅದರ ಇಂಗ್ಲಿಷನ್ನೂ ಕೋಷ್ಟಕವನ್ನೂ ಬಿಡಿಸಿ ಹೇಳುವವರು ಮೊಬೈಲಿನಲ್ಲಿ ಬರಲಿಲ್ಲ.

ಇನ್ನು ವೇಳೆಯ ಮಾತು. ರಾತ್ರಿಯವರೆಗೆ ತೆರೆದಿರುವ ವಾಚನಾಲಯ ಹಾಸ್ಟೆಲಿನವರಿಗೆ ವರ. ಬೇಗೂರಿಗೆ ಮರಳಬೇಕಾದವಳು ಸಂಜೆ ಬಸ್ಸಿನ ಹೊತ್ತು ನೋಡಿಯೇ ಪುಸ್ತಕ ಮುಚ್ಚುತ್ತಾಳೆ. ಅವಳಿಗೆ ಊರಿನ ಓದುಮನೆಯೂ ಈ ಲೆಕ್ಕಕ್ಕೆ ಸೇರಬೇಕು. 2019ರಲ್ಲಿ 5,600ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಆಮೇಲೆ ಅರಿವು ಕೇಂದ್ರಗಳಾದವು. ವಿಶ್ವವಿದ್ಯಾಲಯದ ಪುಸ್ತಕ ಅಲ್ಲಿಗೆ ಬಂದು ಹೋಗುವಂತಾದರೆ ಬಸ್ಸಿನ ಕಾಟ ಅರ್ಧ ತಪ್ಪೀತು.

ಹಣವೆಲ್ಲಿ ಎಂದು ಕೇಳುತ್ತಾರೆ. ಹೊಸ ವಿಶ್ವವಿದ್ಯಾಲಯಗಳನ್ನೇ ಮುಚ್ಚುವ ಮಾತು 2025ರಲ್ಲಿ ಎದ್ದಾಗ ಚಾಮರಾಜನಗರದ್ದೂ ಆ ಪಟ್ಟಿಯಲ್ಲಿತ್ತು. ಅಂಥಲ್ಲಿ ಗಾಜಿನ ಕೋಣೆ ಕೇಳುವುದು ದುಬಾರಿಯೇ. ಮೇಷ್ಟ್ರನ್ನು ಕೇಳುವುದು ದುಬಾರಿಯಲ್ಲ. ಯುಜಿಸಿಯ 2018ರ ನಿಯಮದಂತೆ ವಾರದ 40 ಗಂಟೆಯಲ್ಲಿ ಸಹಾಯಕ ಪ್ರಾಧ್ಯಾಪಕರ ಪಾಠ 16 ಗಂಟೆ. ಉಳಿದುದರಲ್ಲಿ ಎರಡು ಗಂಟೆ ಗ್ರಂಥಾಲಯದ ಮೇಜಿಗೆ ಬರಲಿ, ಅದು ಕೆಲಸದ ಲೆಕ್ಕಕ್ಕೇ ಸೇರಲಿ. ಅತಿಥಿ ಉಪನ್ಯಾಸಕರ ವಿಷಯ ಬೇರೆ: ಅವರನ್ನು ಕೂರಿಸಿದರೆ ಆ ಗಂಟೆಗೂ ಸಂಭಾವನೆ ಕೊಡಬೇಕು.