ಬೋಡ್ಲಿಯನ್ ಗ್ರಂಥಭಾಂಡಾರವೂ ಪುಸ್ತಕತ್ಯಾಗವಿಚಾರವೂ

ಪ್ರಾಚೀನ ಗ್ರಂಥಗಳ ಪಾಠಶೋಧನೆಯಲ್ಲಿ ತೊಡಗಿದವರು ಪ್ರತಿಗಳ ಗುಣದೋಷಗಳನ್ನು ವಿಸ್ತಾರವಾಗಿ ಚರ್ಚಿಸುತ್ತಾರೆ. ಆ ಪ್ರತಿಗಳನ್ನು ಕಾಪಾಡಿದ ಭಾಂಡಾರಗಳ ಆಡಳಿತಕ್ರಮವನ್ನು ಮಾತ್ರ ವಿಚಾರಿಸುವುದಿಲ್ಲ. ಭಾಂಡಾರದ ಕಟ್ಟಳೆಗಳು ಕರಣಿಕರಿಗೆ ಸೇರಿದುವು, ಗ್ರಂಥದ ಪಾಠವು ಪಂಡಿತರಿಗೆ ಸೇರಿದುದು ಎಂಬ ವಿಭಾಗವು ನಮ್ಮಲ್ಲಿ ರೂಢವಾಗಿಬಿಟ್ಟಿದೆ. ಈ ವಿಭಾಗವು ಯುಕ್ತವಲ್ಲವೆಂಬುದಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಬೋಡ್ಲಿಯನ್ ಭಾಂಡಾರದ ಚರಿತ್ರೆಯಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಅದನ್ನು ಪರಿಶೀಲಿಸಿ, ಅದರಿಂದ ನಮ್ಮ ಸಾಹಿತ್ಯಾಧ್ಯಾಪಕರಿಗೆ ಒದಗುವ ಪ್ರಶ್ನೆಯೊಂದನ್ನು ಇಲ್ಲಿ ವಿಚಾರಿಸಲಾಗಿದೆ.

ಆ ವಿಶ್ವವಿದ್ಯಾನಿಲಯಕ್ಕೆ ಹದಿನೈದನೆಯ ಶತಮಾನದಲ್ಲಿ ಹಂಫ್ರಿ ಎಂಬ ರಾಜಪುತ್ರನು ಇನ್ನೂರೆಂಬತ್ತಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ದಾನಮಾಡಿದನು. ಅವುಗಳಿಗಾಗಿ ನಿರ್ಮಿಸಿದ ಶಾಲೆಯು 1488ರಲ್ಲಿ ತೆರೆಯಲ್ಪಟ್ಟಿತು. 1550ರಲ್ಲಿ ಮತಪರಿಷ್ಕರಣದ ಅಧಿಕಾರಿಗಳು ಪುಸ್ತಕಗಳನ್ನು ಚದುರಿಸಿದರು. 1556ರಲ್ಲಿ ವಿಶ್ವವಿದ್ಯಾನಿಲಯವೇ ಪುಸ್ತಕಪೀಠಗಳನ್ನು ಮಾರಿತು. ಹೀಗೆ ಬರಿದಾಗಿದ್ದ ಶಾಲೆಯನ್ನು ತನ್ನ ದ್ರವ್ಯದಿಂದ ಜೀರ್ಣೋದ್ಧಾರಮಾಡುವೆನೆಂದು ಸರ್ ಥಾಮಸ್ ಬೋಡ್ಲಿ ಎಂಬ ನಿವೃತ್ತ ರಾಯಭಾರಿಯು 1598ರಲ್ಲಿ ಬರೆದುಕೊಂಡನು. 1602ನೆಯ ನವೆಂಬರ್ 8ರಂದು ಭಾಂಡಾರವು ಮತ್ತೆ ತೆರೆಯಿತು.

ಬೋಡ್ಲಿಯ ಹಿರಿಮೆಯು ಪುಸ್ತಕಗಳನ್ನು ಕೊಟ್ಟುದರಲ್ಲಿಲ್ಲ. ಅಂತಹ ದಾತೃಗಳು ಎಲ್ಲ ದೇಶಗಳಲ್ಲಿಯೂ ಉಂಟು. ಆತನು ಭಾಂಡಾರಕ್ಕೆ ಸ್ಥಿರವಾದ ಆದಾಯವನ್ನು ಕಲ್ಪಿಸಿ, ಅಧಿಕಾರಿಯ ಕರ್ತವ್ಯಗಳನ್ನು ಗೊತ್ತುಮಾಡಿ, ಶಾಸನರೂಪವಾದ ನಿಯಮಗಳನ್ನು ರಚಿಸಿದನು. ಒಳಗೆ ಬೆಂಕಿಯನ್ನು ತರುವುದಿಲ್ಲವೆಂದು ಓದುಗರು ಪ್ರತಿಜ್ಞೆಮಾಡಬೇಕು. ಪುಸ್ತಕವನ್ನು ಎರವಲಾಗಿ ಯಾರಿಗೂ ಕೊಡಕೂಡದು. ಮೊದಲನೆಯ ಭಾಂಡಾಗಾರಾಧಿಕಾರಿಯಾದ ಥಾಮಸ್ ಜೇಮ್ಸನು 1605ರಲ್ಲಿ ಸೂಚೀಪತ್ರವನ್ನು ಮುದ್ರಿಸಿದನು. 1610ರಲ್ಲಿ ಬೋಡ್ಲಿಯು ಲಂಡನ್ನಿನ ಪುಸ್ತಕವ್ಯಾಪಾರಿಗಳ ಸಂಘದೊಡನೆ ಒಡಂಬಡಿಕೆಮಾಡಿಕೊಂಡು, ಸಂಘದವರು ಮುದ್ರಿಸಿದ ಪ್ರತಿಯೊಂದು ಗ್ರಂಥದ ಒಂದೊಂದು ಪ್ರತಿಯು ಭಾಂಡಾರಕ್ಕೆ ಬರುವಂತೆ ಏರ್ಪಡಿಸಿದನು.

ಎರವಲು ಕೊಡಕೂಡದೆಂಬ ನಿಯಮವು ಬರಿಯ ಕಾಗದದ ಮೇಲಿನ ನಿಯಮವಾಗಿರಲಿಲ್ಲ. ಅಂತಃಕಲಹದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಬೀಡುಬಿಟ್ಟಿದ್ದ ಒಂದನೆಯ ಚಾರ್ಲ್ಸ್ ದೊರೆಯು 1645ರಲ್ಲಿ ಒಂದು ಚರಿತ್ರಗ್ರಂಥವನ್ನು ತರಿಸಿಕೊಡಬೇಕೆಂದು ಹೇಳಿಕಳುಹಿಸಿದಾಗ, ಅಧಿಕಾರಿಯಾದ ಜಾನ್ ರೌಸನು ನಿಯಮದ ಪುಸ್ತಕವನ್ನೇ ಹಿಡಿದುಕೊಂಡುಹೋಗಿ ತೋರಿಸಿದನು. ದೊರೆಯು ಒಪ್ಪಿ ಸುಮ್ಮನಾದನು. ಆ ದೊರೆಯನ್ನು ಕೆಡವಿ ರಾಜ್ಯವಾಳಿದ ಕ್ರಾಮ್‌ವೆಲ್ಲನಿಗೂ 1654ರಲ್ಲಿ ಅದೇ ಉತ್ತರವು ದೊರೆಯಿತು. ಪರರ ಕೈಸೇರಿದ ಪುಸ್ತಕವು ಹಿಂದಿರುಗಲಾರದೆಂದು ಓಲೆಯ ಕೊನೆಯಲ್ಲಿ ಬರೆದು ಅಳಲಿದ ನಮ್ಮ ಲಿಪಿಕಾರರು ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಇಷ್ಟು ಗುಣವಿರುವ ಸ್ಥಾಪಕನಲ್ಲಿ ಒಂದು ದೋಷವಿತ್ತು. ನಾಟಕಗಳೆಂದರೆ ಆತನಿಗೆ ತಾತ್ಸಾರ. ಪಂಚಾಂಗ ನಾಟಕ ಮೊದಲಾದ ಅಗ್ಗದ ಪುಸ್ತಕಗಳನ್ನು ತೆಗೆದುಕೊಳ್ಳಬಾರದೆಂದೂ, ನಾಟಕಗಳಲ್ಲಿ ನಲವತ್ತಕ್ಕೆ ಒಂದಾದರೂ ಇಡಲು ತಕ್ಕುದಾಗಿರುವುದು ಕಷ್ಟವೆಂದೂ, ಅವನ್ನು ಸೇರಿಸಿದರೆ ಭಾಂಡಾರಕ್ಕೇ ಅಪಕೀರ್ತಿಯೆಂದೂ ಜೇಮ್ಸನಿಗೆ 1612ರಲ್ಲಿ ಬರೆದನು. ಸಂದರ್ಭಗಳಲ್ಲೆಲ್ಲ ದಶರೂಪಕಕ್ಕೆ ಶ್ರೇಷ್ಠತೆಯನ್ನು ಕೊಟ್ಟ ವಾಮನನ ಶಾಸ್ತ್ರವನ್ನು ಓದಿದವರಿಗೆ ಈ ಅಭಿಪ್ರಾಯವು ವಿಚಿತ್ರವಾಗಿ ಕಾಣುವುದು ಸಹಜ. ಆದರೂ ನ್ಯಾಯವಾಗಿ ಹೇಳುವುದಾದರೆ, ಆ ಕಾಲದ ನಾಟಕಗಳು ಹೊಲಿದ ಬಿಡಿಹಾಳೆಗಳಾಗಿ ಬೀದಿಯಲ್ಲಿ ಮಾರಾಟವಾಗುತ್ತಿದ್ದುವು. ಕಣ್ಣೆದುರಿಗಿರುವುದರಲ್ಲಿ ಮುಂದೆ ಯಾವುದು ಉಳಿದೀತೆಂದು ತಿಳಿಯುವುದು ಸುಲಭವಲ್ಲ. ಆತನ ತಪ್ಪು ಆ ಅಭಿರುಚಿಯಲ್ಲಿಲ್ಲ, ಅಭಿರುಚಿಯನ್ನು ನಿಯಮವನ್ನಾಗಿ ಮಾಡಿದುದರಲ್ಲಿದೆ.

ಬೋಡ್ಲಿಯು 1613ರಲ್ಲಿ ತೀರಿಕೊಂಡನು. ಹತ್ತು ವರ್ಷಗಳ ಮೇಲೆ, 1623ರಲ್ಲಿ, ಷೇಕ್ಸ್‌ಪಿಯರ್ ಮಹಾಕವಿಯ 36 ನಾಟಕಗಳು ಒಂದೇ ದೊಡ್ಡ ಸಂಪುಟವಾಗಿ ಮುದ್ರಿತವಾದುವು. ಇವುಗಳಲ್ಲಿ ಅರ್ಧದಷ್ಟು ಅದಕ್ಕೆ ಹಿಂದೆ ಅಚ್ಚಾಗಿರಲಿಲ್ಲ. ಆ ಸಂಪುಟವಿಲ್ಲದಿದ್ದರೆ ಅವು ಇಂದು ನಮಗೆ ದೊರೆಯುತ್ತಿದ್ದುವೆಂದು ಹೇಳಲಾಗದು. 1610ರ ಒಡಂಬಡಿಕೆಯಂತೆ ಒಂದು ಪ್ರತಿಯು ಹಾಳೆಗಳಾಗಿ ಆಕ್ಸ್‌ಫರ್ಡಿಗೆ ಬಂದಿತು. 1624ರ ಫೆಬ್ರವರಿಯಲ್ಲಿ ಅದನ್ನು ವೈಲ್ಡ್‌ಗೂಸ್ ಎಂಬ ಕಟ್ಟುಗಾರನಿಗೆ ಕಟ್ಟಲು ಕೊಟ್ಟರು. ಬಳಿಕ ಸರಪಣಿಯಿಂದ ಬಂಧಿಸಿ ಇಟ್ಟರು. ಸ್ಥಾಪಕನ ಅಭಿರುಚಿಯನ್ನು ಸ್ಥಾಪಕನ ಒಡಂಬಡಿಕೆಯೇ ಮೀರಿದುದನ್ನು ಗಮನಿಸಬೇಕು.

1664ರಲ್ಲಿ ಅದೇ ನಾಟಕಗಳ ಮೂರನೆಯ ಸಂಪುಟಮುದ್ರಣವು ಏಳು ನಾಟಕಗಳನ್ನು ಹೆಚ್ಚಾಗಿ ಸೇರಿಸಿಕೊಂಡು ಹೊರಬಿದ್ದಿತು. ಹೊಸದು ಬಂದಮೇಲೆ ಹಳೆಯದೇಕೆ ಎಂದು ಭಾಂಡಾರದವರು 1623ರ ಪ್ರತಿಯನ್ನು, ಬಹುಶಃ ಬೇಡದ ಬೇರೆ ಪುಸ್ತಕಗಳೊಡನೆ, ಮಾರಿಬಿಟ್ಟರು. 1635ರ ಅನುಬಂಧಸೂಚಿಯಲ್ಲಿದ್ದ ಹಳೆಯ ಸಂಪುಟವು 1674ರಲ್ಲಿ ಥಾಮಸ್ ಹೈಡನು ಮುದ್ರಿಸಿದ ಸೂಚೀಪತ್ರದಲ್ಲಿ ಕಾಣಿಸುವುದಿಲ್ಲ. 1664ರ ಮುದ್ರಣವು ಮಾತ್ರ ಕಾಣಿಸುತ್ತದೆ. ಕ್ರಾಮ್‌ವೆಲ್ಲನಿಗೆ ಪುಸ್ತಕವನ್ನು ನಿರಾಕರಿಸಿ ಆಗ ಹತ್ತೇ ವರ್ಷಗಳಾಗಿದ್ದುವು. ದೊರೆಗೆ ಒಂದು ದಿನದ ಮಟ್ಟಿಗೆ ಕೊಡದ ಭಾಂಡಾರವು ವ್ಯಾಪಾರಿಗೆ ಶಾಶ್ವತವಾಗಿ ಕೊಟ್ಟಿತು! ಎರವಲಿಗೆ ಗಟ್ಟಿಯಾದ ನಿಯಮವಿತ್ತು; ತ್ಯಾಗಕ್ಕೆ ಅಷ್ಟು ಗಟ್ಟಿಯಾದ ನಿಯಮವಿರಲಿಲ್ಲ.

ಹೊಸದು ಹಳೆಯದಕ್ಕಿಂತ ಉತ್ತಮವಾಗಿದ್ದಿತೆ? ಹೆಚ್ಚಾಗಿ ಸೇರಿದ ಏಳರಲ್ಲಿ ಪೆರಿಕ್ಲೀಸ್ ಒಂದನ್ನು, ಅದನ್ನೂ ಭಾಗಶಃ, ಕವಿಕೃತವೆಂದು ವಿದ್ವಾಂಸರು ಒಪ್ಪಿದ್ದಾರೆ; ಉಳಿದ ಆರೂ ಪರಕೃತಗಳು. ಮೂರನೆಯ ಮುದ್ರಣವು 1632ರ ಎರಡನೆಯದನ್ನೂ ಅದು ಮೊದಲನೆಯದನ್ನೂ ನೋಡಿ ಅಚ್ಚಾದುದರಿಂದ, ಅಲ್ಲಲ್ಲಿ ತಿದ್ದುಪಡಿಗಳಾದರೂ ಸ್ಖಲಿತಗಳು ಬೆಳೆಯುತ್ತ ಹೋದುವು. ಪ್ರತಿಯಿಂದ ಪ್ರತಿಗೆ ಪಾಠವು ಕೆಡುವ ಬಗೆಯು ಓಲೆಗಳನ್ನು ನೋಡಿದವರಿಗೆ ಹೊಸತಲ್ಲ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: ಉತ್ತರವು ಪೂರ್ವವನ್ನು ಬಾಧಿಸುತ್ತದೆಂದು ಮೀಮಾಂಸಕರ ಅಪಚ್ಛೇದನ್ಯಾಯವಿದೆ, ಪರಿಷ್ಕೃತ ಮುದ್ರಣವು ಬಂದಮೇಲೆ ಹಿಂದಿನದು ದುರ್ಬಲವೇ ಸರಿ. ಇದು ಸಾಧುವಲ್ಲ. ಎರಡಕ್ಕೂ ವಿರೋಧವಿದ್ದು, ಎರಡನ್ನೂ ಅನುಷ್ಠಿಸಲಾಗದೆಡೆಯಲ್ಲಿ ಆ ನ್ಯಾಯವು ಪ್ರವರ್ತಿಸುವುದು. ಎರಡು ಮುದ್ರಣಗಳಾದರೋ ಪಾಠವಿಷಯದಲ್ಲಿ ಇಬ್ಬರು ಸಾಕ್ಷಿಗಳು. ಎರಡನೆಯವನು ಹೆಚ್ಚು ಮಾತನಾಡಿದನೆಂಬ ಮಾತ್ರಕ್ಕೆ ಮೊದಲನೆಯವನನ್ನು ಸಭೆಯಿಂದ ಎಬ್ಬಿಸುವ ಧರ್ಮಾಧಿಕಾರಿಯುಂಟೆ? ಇನ್ನು ಪ್ರತಿಪತ್ತಿಕರ್ಮವೆಂಬುದೂ ಶಾಸ್ತ್ರದಲ್ಲಿದೆ. ಯಾಗದಲ್ಲಿ ಮೈತುರಿಸಿಕೊಳ್ಳಲು ಉಪಯೋಗಿಸಿದ ಕೃಷ್ಣಮೃಗದ ಕೊಂಬನ್ನು ದಕ್ಷಿಣೆಗಳನ್ನು ಕೊಟ್ಟಮೇಲೆ ಚಾತ್ವಾಲದ ಕುಳಿಯಲ್ಲಿ ಹಾಕುತ್ತಾರೆ. ಆದರೆ ಆ ಕೊಂಬಿಗೆ ಬೇರೆ ಕೆಲಸವು ಉಳಿದಿಲ್ಲ. ಪುಸ್ತಕವು ಕೃತಾರ್ಥವಾಯಿತೆಂದು ಹೇಳಬಲ್ಲವರು ಯಾರು?

ಪ್ರಕೃತ ಸಂಪುಟವೇ ಇದಕ್ಕೆ ಉತ್ತರ. 1905ರಲ್ಲಿ ಡರ್ಬಿಷೈರ್ ಸೀಮೆಯ ಮನೆತನವೊಂದರ ತರುಣನು ಹಳೆಯ ಪುಸ್ತಕವೊಂದನ್ನು ತಂದು, ಅದರ ಕಟ್ಟಿನ ವಿಷಯದಲ್ಲಿ ಸಲಹೆ ಕೇಳಿದನು. ಕಟ್ಟಿನ ಕ್ರಮದಿಂದಲೂ ಸರಪಣಿಯ ಗುರುತಿನಿಂದಲೂ ಅದು ತಮ್ಮದೇ ಪುಸ್ತಕವೆಂದು ಭಾಂಡಾರದವರು ಕಂಡುಕೊಂಡರು. ಅಮೆರಿಕದ ಧನಿಕನೊಬ್ಬನು 3000 ಪೌಂಡು ಕೊಡಲು ಮುಂದೆ ಬಂದನು. ವಿಶ್ವವಿದ್ಯಾನಿಲಯದವರು ಸಾರ್ವಜನಿಕರಿಂದ ವಂತಿಗೆಯೆತ್ತಿ ಅಷ್ಟೇ ಹಣವನ್ನು ಕೂಡಿಸಿ 1906ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಕಟ್ಟು ಬದಲಾಗದಿದ್ದುದರಿಂದ ಮೊದಲ ನಲವತ್ತು ವರ್ಷಗಳ ಓದುಗರ ಕೈಗುರುತು ಹಾಳೆಗಳ ಮೇಲೆ ಹಾಗೆಯೇ ಉಳಿದಿದೆ. ಎಲ್ಲಕ್ಕಿಂತ ಹೆಚ್ಚು ಸವೆದುವು ರೋಮಿಯೋ ಜೂಲಿಯಟ್ ನಾಟಕದ ಹಾಳೆಗಳು. ಸ್ಥಾಪಕನು ಹೀನವೆಂದುದನ್ನು ಆತನ ಶಾಲೆಯ ವಿದ್ಯಾರ್ಥಿಗಳು ಎಷ್ಟು ಆದರದಿಂದ ಓದಿದರೆಂಬುದನ್ನು ಯಾವ ವಿಮರ್ಶಾಗ್ರಂಥವೂ ಇಷ್ಟು ನಿಸ್ಸಂಶಯವಾಗಿ ತಿಳಿಸಲಾರದು. 1664ರ ಪ್ರತಿಯಿಂದ ಇದು ತಿಳಿಯುತ್ತಿರಲಿಲ್ಲ.

ಅದೇ 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ಒಪ್ಪಿಸಿದರು. 1891ರಲ್ಲಿ ಸ್ಥಾಪಿತವಾದ ಈ ಭಾಂಡಾರವು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆ ಓಲೆಗಳಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಶೋಧಿಸಿ 1909ರಲ್ಲಿ ಮುದ್ರಿಸಿದುದನ್ನು ವಾಚಕ ಮಹಾಶಯರು ಬಲ್ಲರು. ಮೊದಲು ಸ್ವೀಕಾರ, ಆಮೇಲೆ ವಿಚಾರ. ಈ ಕ್ರಮದಿಂದಲೇ ಗ್ರಂಥವು ಉಳಿಯಿತು. ಬಳಿಕ ಗಣಪತಿಶಾಸ್ತ್ರಿಗಳ ತಿರುವನಂತಪುರದ ಮುದ್ರಣವೂ, 1960ರಲ್ಲಿ ಕಾಂಗಲೆಯವರ ಪರಿಷ್ಕೃತ ಮುದ್ರಣವೂ ಬಂದುವು. ಹಾಗೆಂದು 1909ರ ಪುಸ್ತಕವು ವ್ಯರ್ಥವೆನ್ನಬಹುದೆ? ಪಂಪಭಾರತಕ್ಕೆ 1931ರ ಪರಿಷತ್ತಿನ ಮುದ್ರಣವಿದೆಯೆಂದು ರೈಸ್ ಸಾಹೇಬರ 1898ರ ಮುದ್ರಣವನ್ನು ತೂಕಕ್ಕೆ ಹಾಕಬಹುದೆ? ಪಾಠಗಳು ಹೇಗೆ ನಿರ್ಣೀತವಾಗುತ್ತ ಬಂದುವೆಂಬುದನ್ನು ಎರಡನ್ನೂ ಪಕ್ಕದಲ್ಲಿಟ್ಟುಕೊಂಡಲ್ಲದೆ ವಿದ್ಯಾರ್ಥಿಗಳಿಗೆ ತೋರಿಸಲಾಗದು.

ಛಾಯಾಪ್ರತಿಯನ್ನು ತೆಗೆದಿಟ್ಟುಕೊಂಡು ಮೂಲವನ್ನು ಬಿಡಬಹುದೆಂಬ ವಾದವೂ ಈಗ ಕೇಳಿಬರುತ್ತಿದೆ. ಬೋಡ್ಲಿಯನ್ನಿನವರು 2013ರಲ್ಲಿ ತಮ್ಮ ಸಂಪುಟದ ಎಲ್ಲ ಪುಟಗಳ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು, ಮೂಲವನ್ನು ಬಿಡಲಿಲ್ಲ. ಕಳೆದ ಪುಸ್ತಕವು ಗುರುತುಸಿಕ್ಕಿದುದು ಅಕ್ಷರಗಳಿಂದಲ್ಲ, ಕಟ್ಟಿನಿಂದ ಎಂಬುದನ್ನು ಅವರು ಮರೆತಿಲ್ಲ.

ಸ್ಥಳಸಂಕೋಚವು ನಿಜವಾದ ಕಷ್ಟವೇ. ಎಲ್ಲವನ್ನೂ ಎಲ್ಲ ಕಾಲೇಜುಗಳೂ ಇಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಗ್ರಂಥದ ಹೆಸರನ್ನೂ ಗ್ರಂಥಕಾರನ ಹೆಸರನ್ನೂ ಮಾತ್ರ ಬರೆದ ಪಟ್ಟಿಯಲ್ಲಿ ರೈಸರ ಪಂಪಭಾರತವೂ ಪರಿಷತ್ತಿನದೂ ಒಂದೇ ಪುಸ್ತಕದ ಎರಡು ಪ್ರತಿಗಳಾಗಿ ತೋರುತ್ತವೆ. 1664ರ ಅವಿವೇಕವು ಹುಟ್ಟುವುದು ಅಂತಹ ಪಟ್ಟಿಯಿಂದಲೇ. ಮುದ್ರಣದ ವರ್ಷ, ಸಂಪಾದಕರ ಹೆಸರು, ಆಧಾರಪ್ರತಿಗಳು ಇಷ್ಟನ್ನಾದರೂ ಪಟ್ಟಿಯಲ್ಲಿ ದಾಖಲೆಮಾಡಬೇಕು. ಇವು ಎರಡರಲ್ಲಿಯೂ ಒಂದೇ ಆಗಿದ್ದ ಹೊರತು ಯಾವುದನ್ನೂ ದ್ವಿತೀಯ ಪ್ರತಿಯೆಂದು ಎಣಿಸಬಾರದು. ತ್ಯಾಜ್ಯಗಳ ಪಟ್ಟಿಯು ಸಾಹಿತ್ಯಾಧ್ಯಾಪಕರ ಕೈಯನ್ನು ದಾಟದೆ ಹೊರಡಬಾರದು. ಈ ಪಟ್ಟಿಯನ್ನು ಓದುವ ಕೆಲಸವು ಬೇಸರದ್ದೆಂದು ಅಧ್ಯಾಪಕರು ಕರಣಿಕರಿಗೆ ಬಿಟ್ಟುಬಿಡುವುದುಂಟು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಗುರುತುಹಾಕುವುದೂ ಬೇಸರದ ಕೆಲಸವೇ. ಅದನ್ನು ಯಾವ ಸಂಪಾದಕನೂ ಕರಣಿಕನಿಗೆ ಬಿಟ್ಟುದನ್ನು ಕಾಣೆವು.