ಸರ್ವರಿನ ಪಟ್ಟಿ, ಬಳಕೆದಾರನ ಸಾಲು: ಒಂದು ವಿಮರ್ಶೆ

ಆಬ್ಜೆಕ್ಟ್ ಪದ್ಧತಿಯ ಪ್ರೋಗ್ರಾಮ್ ರಚನೆಯನ್ನು ಬೋಧಿಸುವ ಪಠ್ಯಗಳಲ್ಲಿ ಚಾಟ್ ಸರ್ವರ್ ಒಂದು ರೂಢಿಯ ಉದಾಹರಣೆ. ಸರ್ವರ್ ಎಂಬ ಆಬ್ಜೆಕ್ಟು ಬಳಕೆದಾರರ ಪಟ್ಟಿಯನ್ನು ಇಟ್ಟುಕೊಂಡಿದ್ದು, ಒಬ್ಬನ ಸಂದೇಶ ಬಂದೊಡನೆ ಅದನ್ನು ಉಳಿದವರೆಲ್ಲರಿಗೂ ಕ್ರಮವಾಗಿ ಬರೆಯುತ್ತದೆ. ರಚನೆ ಅಂದವಾಗಿದೆ, ಆದರೆ ಸದೋಷವಾದುದೆಂದು ನಮ್ಮ ಅಭಿಪ್ರಾಯ.

ಟಿಸಿಪಿ ಸಂಪರ್ಕದಲ್ಲಿ ಓದುವವನು ನಿಧಾನಿಸಿದರೆ ಕಳುಹಿಸುವವನ ಬಫರ್ ತುಂಬುತ್ತದೆ; ತುಂಬಿದ ಮೇಲೆ, ಬೇರೆ ಏರ್ಪಾಡಿಲ್ಲದಿದ್ದರೆ, ಬರೆಯುವ ಕಾರ್ಯ ಅಲ್ಲಿಯೇ ನಿಲ್ಲುತ್ತದೆ. ಪಟ್ಟಿಯ ಮೂರನೆಯವನು ನಿದ್ರಿಸಿದರೆ ನಾಲ್ಕನೆಯವನಿಂದಾಚೆಗೆ ಎಲ್ಲರಿಗೂ ಉಪವಾಸ! ಮೆಥಡಿನ ಕರೆಯೂ ಜಾಲದ ಮೇಲಣ ಸಂದೇಶವೂ ಬರವಣಿಗೆಯಲ್ಲಿ ಒಂದೇ ರೂಪ ತಳೆಯುವುದರಿಂದ ವಿದ್ಯಾರ್ಥಿಗೆ ಈ ಭೇದವು ಗೋಚರಿಸುವುದೇ ಇಲ್ಲ. 'ಆಬ್ಜೆಕ್ಟ್' ಎಂಬ ಹೆಸರು ಜನರ ಗಮನವನ್ನು ಗೌಣವಾದುದರ ಕಡೆಗೆ ಸೆಳೆಯಿತೆಂದೂ, ಪ್ರಧಾನವಾದುದು ಸಂದೇಶವಿನಿಮಯವೆಂದೂ ಸ್ಮಾಲ್‌ಟಾಕ್‌ನ ಅಲನ್ ಕೇ ಅವರು 1998ರಲ್ಲಿ ವಿಷಾದಿಸಿದ್ದು ಇಲ್ಲಿ ಸ್ಮರಣೀಯ.

ಪ್ರತಿಯೊಂದು ಸಂಪರ್ಕಕ್ಕೂ ಮಿತಿಯುಳ್ಳ ತನ್ನದೇ ಆದ ಸಾಲೊಂದಿರಬೇಕು. ಸರ್ವರ್ ಸಂದೇಶವನ್ನು ಅದರಲ್ಲಿಟ್ಟು ಮುಂದೆ ಸಾಗಬೇಕು. ಮಿತಿ ಮೀರಿದರೆ? ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಯಾರ್ಕೊ ಓಯ್ಕರಿನೆನ್ ಅವರಿಂದ ಹುಟ್ಟಿದ ಐಆರ್‌ಸಿಯ ಸರ್ವರುಗಳು ಇಂಥವನ ಸಂಪರ್ಕವನ್ನು ನಿರ್ದಾಕ್ಷಿಣ್ಯವಾಗಿ ಕಡಿಯುತ್ತವೆ. (ಅವು ಬಹುಮಟ್ಟಿಗೆ ಸಿ ಭಾಷೆಯಲ್ಲಿ ರಚಿತವಾದವು, ಆಬ್ಜೆಕ್ಟಿನ ಹಂಗು ಅವಕ್ಕಿಲ್ಲ.) ಕ್ರಮ ಕಠಿಣವಾದರೂ ನ್ಯಾಯವಾದುದೇ.

ಕಡಿದ ಮೇಲೆ ಹೆಸರನ್ನು ಪಟ್ಟಿಯಿಂದ ತೆಗೆಯುವ ಹೊಣೆ ಯಾರದೆಂಬುದು ಇನ್ನೊಂದು ತೊಡಕು. ಪಟ್ಟಿಯನ್ನು ಓದುತ್ತಿರುವಾಗಲೇ ತೆಗೆದರೆ ಓದುವ ಕ್ರಮವೇ ಕೆಡುತ್ತದೆ. ಆದುದರಿಂದ ಸಂಪರ್ಕವು ತನ್ನ ಅಂತ್ಯವನ್ನು ಸರ್ವರಿಗೆ ತಿಳಿಸುವುದೂ ಒಂದು ಸಂದೇಶವಾಗಿಯೇ ಇರತಕ್ಕದ್ದು.