ಬಿಡಬೇಕಾದ ಎಣ್ಣೆಗಳ ಪಟ್ಟಿ

ಎಣ್ಣೆ ಬಗ್ಗೆ ಕನ್ನಡದಲ್ಲಿ ಈಗ ಬರುತ್ತಿರುವ ಆರೋಗ್ಯ ಬರಹಗಳನ್ನೂ ವಿಡಿಯೋಗಳನ್ನೂ ಒಂದು ವಾರ ಕೂತು ನೋಡಿದರೆ, ಕೊನೆಗೆ ಅಡುಗೆಮನೆಯಲ್ಲಿ ಉಳಿಯುವುದು ನೀರು ಮಾತ್ರ. ಒಬ್ಬರು ಕೊಬ್ಬರಿ ಎಣ್ಣೆ ಬಿಡಿ ಅಂತಾರೆ. ಇನ್ನೊಬ್ಬರು ಸೂರ್ಯಕಾಂತಿ ಬಿಡಿ, ಬೆಳಗ್ಗೆ ಎದ್ದು ಕೊಬ್ಬರಿ ಎಣ್ಣೆಯನ್ನೇ ಎರಡು ಚಮಚ ಕುಡೀರಿ ಅಂತಾರೆ. ಪಾಮ್ ಎಣ್ಣೆಯನ್ನು ಎಲ್ಲರೂ ಬೈತಾರೆ, ಬೇಕರಿಗೆ ಹೋಗಿ ಎಲ್ಲರೂ ತಿಂತಾರೆ. ಸಾಸಿವೆ ಎಣ್ಣೆ ಹೃದಯಕ್ಕೆ ಆಗಲ್ಲ, ಕಡ್ಲೆಕಾಯಿ ಎಣ್ಣೆ ಪಿತ್ತ, ಎಳ್ಳೆಣ್ಣೆ ಉಷ್ಣ, ರಿಫೈಂಡ್ ಅಂದರೆ ಸಾಕ್ಷಾತ್ ವಿಷ.

ಸಲಹೆ ಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಈ ಬರಹಗಳು ಎಣ್ಣೆಯನ್ನು ಊರಿನ ಒಬ್ಬ ಮನುಷ್ಯನ ಹಾಗೆ ನೋಡುತ್ತವಲ್ಲ, ನನ್ನ ತಕರಾರು ಅದರ ಮೇಲೆ. ಇವನು ಒಳ್ಳೆಯವನು, ಅವನು ಕೆಟ್ಟವನು, ಅವನ ಸಹವಾಸ ಬಿಡಿ. ಎಷ್ಟು ತಿಂದರು, ಯಾರು ತಿಂದರು, ಎಷ್ಟನೇ ಸಲ ಕಾಯಿಸಿದ ಎಣ್ಣೆ, ಬೀಜ ಎಲ್ಲಿ ಎಷ್ಟು ತಿಂಗಳು ಮೂಟೆಯಲ್ಲಿ ಬಿದ್ದಿತ್ತು ಅನ್ನುವ ಪ್ರಶ್ನೆಗಳಿಗೆ ಅಲ್ಲಿ ಜಾಗವೇ ಇಲ್ಲ.

ಎಳ್ಳನ್ನೇ ತಗೊಳ್ಳೋಣ. ಈ ಪಟ್ಟಿಗಳನ್ನು ಒರೆಗೆ ಹಚ್ಚೋದಕ್ಕೆ ಅದಕ್ಕಿಂತ ಒಳ್ಳೆಯ ಕಾಳು ಸಿಗಲಿಕ್ಕಿಲ್ಲ. ನಮ್ಮ 'ಎಣ್ಣೆ' ಅನ್ನುವ ಪದವೇ ಎಳ್ಳಿನಿಂದ ಬಂದದ್ದು. ಎಳ್ ಮತ್ತು ನೆಯ್ ಸೇರಿ ಎಣ್ಣೆಯ್. ನೆಯ್ ಅಂದರೆ ಜಿಡ್ಡು, ತುಪ್ಪ. ಸಂಸ್ಕೃತದ ತೈಲವೂ ತಿಲದಿಂದ ಹುಟ್ಟಿದ್ದೇ. ಅಂದರೆ ನಾವು ಕೊಬ್ಬರಿ ಎಣ್ಣೆ ಅಂದಾಗಲೂ ಸೀಮೆಎಣ್ಣೆ ಅಂದಾಗಲೂ ಬಾಯಲ್ಲಿ ಎಳ್ಳು ಇದ್ದೇ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುತ್ತಾರೆ. ಮೈಸೂರಿನ ಕಡೆ ಎಳ್ಳು ಬೀರುತ್ತಾರೆ. ಹಬ್ಬಕ್ಕೂ ಅದೇ, ಸತ್ತವರಿಗೆ ಬಿಡುವ ನೀರಿಗೂ ಅದೇ. ಇಷ್ಟು ಹಳೆಯ ನಂಟು ಇದ್ದರೂ ಎಳ್ಳಿನ ಬಗ್ಗೆ ಓದಲು ಸಿಗುವುದು ಎರಡೇ ಥರದ ಬರಹ. ಒಂದರಲ್ಲಿ ಅದು ಅಮೃತ, ಇನ್ನೊಂದರಲ್ಲಿ ಅದು ಬೆಂಕಿ.

ಈಚೆಗೆ ಅಮೆರಿಕದಿಂದ ಹೊಸ ಭಯವೊಂದು ಬಂದಿದೆ, 'ಸೀಡ್ ಆಯಿಲ್' ಅಂತ. ಬೀಜದಿಂದ ತೆಗೆದ ಎಣ್ಣೆಗಳಲ್ಲಿ ಒಮೆಗಾ-6 ಕೊಬ್ಬು ಜಾಸ್ತಿ, ಅದರಿಂದ ಮೈಯೊಳಗೆ ಉರಿಯೂತ, ಅದರಿಂದಲೇ ಸಕಲ ರೋಗ ಅನ್ನುವುದು ವಾದ. ಅಲ್ಲಿಯ ಆರೋಗ್ಯ ಇಲಾಖೆಯ ಮುಖ್ಯಸ್ಥ ರಾಬರ್ಟ್ ಕೆನಡಿ ಜೂನಿಯರ್ ಅವರೇ ದನದ ಕೊಬ್ಬಿನಲ್ಲಿ ಕರಿಯುವುದು ವಾಸಿ ಅನ್ನೋ ಪಕ್ಷದವರು. ಈ ಭಯ ಕನ್ನಡಕ್ಕೆ ಇಳಿಯುವಾಗ ಒಂದು ತಮಾಷೆ ಆಯಿತು. ದನದ ಕೊಬ್ಬು ಇದ್ದ ಜಾಗಕ್ಕೆ ಮೊದಲು ತುಪ್ಪ ಬಂತು, ಆಮೇಲೆ ಗಾಣದ ಎಳ್ಳೆಣ್ಣೆ ಬಂತು. ಅಲ್ಲ ಸ್ವಾಮಿ, ಎಳ್ಳು ಬೀಜ ಅಲ್ಲವಾ? ಎಳ್ಳೆಣ್ಣೆಯಲ್ಲಿ ಒಮೆಗಾ-6 ಗುಂಪಿನ ಲಿನೋಲಿಯಿಕ್ ಆಮ್ಲವೇ ನೂರಕ್ಕೆ ನಲವತ್ತರ ಮೇಲಿದೆ. ಸೋಯಾದಲ್ಲಿ ಐವತ್ತರ ಆಸುಪಾಸು. ಒಮೆಗಾ-6 ವಿಷ ಅನ್ನುವುದಾದರೆ ಎಳ್ಳೆಣ್ಣೆಯೂ ವಿಷ. ಎಳ್ಳೆಣ್ಣೆ ಅಮೃತ ಅನ್ನುವುದಾದರೆ ಒಮೆಗಾ-6 ಮೇಲಿನ ಆರೋಪ ಬಿದ್ದುಹೋಗುತ್ತದೆ. ಒಂದೇ ವಿಡಿಯೋದಲ್ಲಿ ಎರಡನ್ನೂ ಹೇಳುವವರನ್ನು ಕಂಡರೆ ನನಗೆ ಸಿಟ್ಟಿಗಿಂತ ಬೆರಗೇ ಜಾಸ್ತಿ.

ಹಾಗಂತ ಈ ಭಯಕ್ಕೆ ಬುಡವೇ ಇಲ್ಲ ಅಂತಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಒಂದು ಪ್ರಯೋಗ ನಡೆಯಿತು. ಹೃದಯದ ತೊಂದರೆ ಆಗಿ ಚೇತರಿಸಿಕೊಂಡಿದ್ದ 458 ಗಂಡಸರಲ್ಲಿ ಒಂದು ಗುಂಪಿಗೆ ಬೆಣ್ಣೆ ಮುಂತಾದ ಕೊಬ್ಬಿನ ಬದಲು ಕುಸುಬೆ ಎಣ್ಣೆಯನ್ನೂ ಕುಸುಬೆ ಎಣ್ಣೆಯ ಮಾರ್ಗರೀನನ್ನೂ ಕೊಟ್ಟರು. ಹೌದು, ನಮ್ಮ ವಿಜಯಪುರ, ಕಲಬುರಗಿ ಹೊಲಗಳ ಅದೇ ಕುಸುಬಿ. ಕೊಲೆಸ್ಟರಾಲ್ ಇಳಿಯಿತು. ಆದರೆ ಸತ್ತವರ ಸಂಖ್ಯೆ ಕುಸುಬೆ ಗುಂಪಿನಲ್ಲೇ ಹೆಚ್ಚು. ಹಳೆಯ ದಾಖಲೆಗಳನ್ನು ಹುಡುಕಿ ತೆಗೆದು ಪೂರ್ತಿ ಲೆಕ್ಕ ಪ್ರಕಟಿಸಿದ್ದು 2013ರಲ್ಲಿ. ಇದು ಗಂಭೀರವಾದ ವಿಷಯ, ತಳ್ಳಿಹಾಕುವಂಥದ್ದಲ್ಲ. ಆದರೆ ಇದನ್ನು ಉದ್ಧರಿಸುವವರು ಅದೇ ಉಸಿರಿನಲ್ಲಿ ಇನ್ನೊಂದು ಕಡೆಯನ್ನೂ ಹೇಳಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಬೇರೆ ಬೇರೆ ಪ್ರಯೋಗಗಳನ್ನು ತೂಗಿ ನೋಡಿ, ಗಟ್ಟಿ ಕೊಬ್ಬಿನ ಬದಲು ಇಂಥ ಬೀಜದ ಎಣ್ಣೆ ಬಳಸಿದಾಗ ಹೃದಯದ ಕಾಯಿಲೆ ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಗುತ್ತದೆ ಅಂದಿತು. ಸಿಡ್ನಿಯ ಆ ಮಾರ್ಗರೀನು ಎಂಥದ್ದಿತ್ತು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಎರಡನ್ನೂ ಹೇಳಿದರೆ ವಿಡಿಯೋ ಓಡಲ್ಲ, ಅದು ಬೇರೆ ಮಾತು.

ಈಗ ಗಾಣಕ್ಕೆ ಬರೋಣ. ಮರದ ಗಾಣದ ಎಣ್ಣೆ ನನಗೂ ಇಷ್ಟ. ಪುಳಿಯೋಗರೆಗೆ ಬೀಳಬೇಕಾದ ಘಮ ರಿಫೈಂಡ್ ಎಣ್ಣೆಗೆ ಏನು ಮಾಡಿದರೂ ಬರಲ್ಲ. ಎಳ್ಳೆಣ್ಣೆ ಬೇಗ ಕಮಟು ಹಿಡಿಯದೆ ಇರುವುದಕ್ಕೆ ಅದರಲ್ಲಿರುವ ಸೆಸಮೋಲ್‌ನಂಥ ವಸ್ತುಗಳು ಕಾರಣ. ಅದು ನಿಜವಾದ ಗುಣ, ಹೊಗಳಬೇಕಾದದ್ದೇ. ಆದರೆ 'ಗಾಣದ್ದು, ಹಾಗಾಗಿ ಶುದ್ಧ' ಅನ್ನುವ ವಾಕ್ಯದಲ್ಲಿ ಆ 'ಹಾಗಾಗಿ' ಎಲ್ಲಿಂದ ಬಂತು? ಕಡ್ಲೆಕಾಯಿ ಬೀಜ ಸರಿಯಾಗಿ ಒಣಗದೆ ಮುಗ್ಗಲು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಕೂರುತ್ತದೆ, ಅದು ಲಿವರ್ ಕ್ಯಾನ್ಸರ್‌ಗೆ ದಾರಿ ಮಾಡುವಂಥದ್ದು. ಗಾಣದಲ್ಲಿ ಅರೆದು ಬಟ್ಟೆಯಲ್ಲಿ ಸೋಸಿದರೆ ಅದು ಹೋಗಲ್ಲ. ಅದನ್ನು ತೆಗೆಯುವುದು ನಾವು ಶಾಪ ಹಾಕುತ್ತಿರುವ ಆ ರಿಫೈನಿಂಗೇ. ಗಾಣದವರು ಬೀಜವನ್ನು ಆರಿಸಿ, ಬೂಸಲು ಬಂದದ್ದನ್ನು ಕೈಯಲ್ಲೇ ತೆಗೆದು ಹಾಕಿದ್ದರೆ ಅವರ ಎಣ್ಣೆ ಒಳ್ಳೆಯದು. ಅಂಗಡಿಯಲ್ಲಿ ಉಳಿದ ಅಗ್ಗದ ಬೀಜ ತಂದು ಅರೆದಿದ್ದರೆ ಕೆಟ್ಟದ್ದು. ಮರದ ಒನಕೆಗೆ ಇದರಲ್ಲಿ ಪಾತ್ರವೇ ಇಲ್ಲ.

ಇನ್ನು ಅಳತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲರಿ ತಿನ್ನುವ ಒಬ್ಬರಿಗೆ 27 ಗ್ರಾಂ ಎಣ್ಣೆ-ತುಪ್ಪ ಅಂತಿದೆ. ಲೆಕ್ಕ ಹಾಕಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರು. ಇದರಲ್ಲೇ ತುಪ್ಪ, ಇದರಲ್ಲೇ ಸಂಜೆ ರಸ್ತೆ ಬದಿಯ ಮೆಣಸಿನಕಾಯಿ ಬಜ್ಜಿ, ಇದರಲ್ಲೇ ಭಾನುವಾರದ ಹೋಟೆಲ್ ಊಟ. ಆ ಬಜ್ಜಿ ಬಾಣಲಿಯ ಎಣ್ಣೆಗೂ ಒಂದು ನಿಯಮ ಇದೆ: ಪದೇಪದೇ ಕಾಯಿಸಿ ಪೋಲಾರ್ ವಸ್ತುಗಳು ನೂರಕ್ಕೆ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಅಂತ 2018ರ ಜುಲೈಯಿಂದ. ಯಾವ ಎಣ್ಣೆ ಅನ್ನುವ ಜಗಳದಲ್ಲಿ ಎಷ್ಟು ಎಣ್ಣೆ, ಎಂಥ ಸ್ಥಿತಿಯ ಎಣ್ಣೆ ಅನ್ನೋದು ಮರೆತೇ ಹೋಗಿದೆ. ಅಂದ ಹಾಗೆ, ಪ್ಯಾಕೆಟ್ಟಿನ ಮೇಲೆ ದಪ್ಪಗೆ 'ಕೊಲೆಸ್ಟರಾಲ್ ಇಲ್ಲ' ಅಂತ ಹಾಕ್ತಾರಲ್ಲ, ಗಿಡದ ಎಣ್ಣೆ ಯಾವುದರಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದೇ ಇಲ್ಲ. ಬಾಳೆಹಣ್ಣಿನ ಮೇಲೆ 'ಮೂಳೆರಹಿತ' ಅಂತ ಚೀಟಿ ಅಂಟಿಸಿದ ಹಾಗೆ.

ಬಸುರಿಗೆ ಎಳ್ಳು ಕೊಡಬಾರದು, ಉಷ್ಣ, ಗರ್ಭ ನಿಲ್ಲಲ್ಲ ಅನ್ನುವ ಮಾತು ನಮ್ಮಲ್ಲಿ ಪರಂಗಿ ಹಣ್ಣಿನ ಜೊತೆಜೊತೆಗೇ ಬರುತ್ತದೆ. ಉಷ್ಣ-ಶೀತ ಅನ್ನುವ ಮಾತನ್ನು ನಾನು ನಗೆಯಾಡಲ್ಲ. ಅದರ ಹಿಂದೆ ತಲೆಮಾರುಗಳ ಊಟದ ಅನುಭವ ಇದೆ. ಆದರೆ ಚಟ್ನಿಪುಡಿಯಲ್ಲಿ ಇರುವಷ್ಟು ಎಳ್ಳಿನಿಂದ ಗರ್ಭ ಹೋಗುತ್ತದೆ ಅನ್ನುವುದಕ್ಕೆ ವೈದ್ಯಕೀಯ ಪುರಾವೆ ಇಲ್ಲ. ಇಲ್ಲಿ ನಷ್ಟ ಆಗುವುದು ಯಾರಿಗೆ ಅಂತ ನೋಡಿ. ಮೊದಲೇ ರಕ್ತ ಕಡಿಮೆ ಇರುವ, ಹಾಲು ದಿನಾ ಸಿಗದ ಮನೆಯ ಹೆಣ್ಣುಮಗಳಿಗೆ ಕಬ್ಬಿಣವೂ ಕ್ಯಾಲ್ಸಿಯಮ್ಮೂ ಇರುವ ಅಗ್ಗದ ಕಾಳೊಂದನ್ನು ಒಂಬತ್ತು ತಿಂಗಳು ತಟ್ಟೆಯಿಂದ ತೆಗೆದುಬಿಡುತ್ತೇವೆ. ಹಾಗೇ, ಹೊಗಳುವವರ ಲೆಕ್ಕವನ್ನೂ ಸ್ವಲ್ಪ ಇಳಿಸಬೇಕು. ನೂರು ಗ್ರಾಂ ಎಳ್ಳಿನಲ್ಲಿ ಸುಮಾರು ಸಾವಿರ ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನುವುದು ನಿಜ, ಆದರೆ ಸಿಪ್ಪೆ ಸಮೇತ ಇದ್ದರೆ. ಬಹುಪಾಲು ಕ್ಯಾಲ್ಸಿಯಂ ಸಿಪ್ಪೆಯಲ್ಲೇ ಇರೋದು, ಅಲ್ಲಿರುವ ಆಕ್ಸಲೇಟ್ ಅದರಲ್ಲಿ ಒಂದಷ್ಟನ್ನು ಮೈಗೆ ಹತ್ತಲು ಬಿಡಲ್ಲ. ಸಂಕ್ರಾಂತಿಗೆ ಸಿಪ್ಪೆ ತೆಗೆದು ಮಲ್ಲಿಗೆ ಹಾಗೆ ಬೆಳ್ಳಗೆ ಮಾಡಿದ ಎಳ್ಳಲ್ಲಿ ಉಳಿಯೋದು ಚೂರು. ಮತ್ತೆ, ನೂರು ಗ್ರಾಂ ಎಳ್ಳನ್ನು ದಿನಾ ಯಾರು ತಿಂತಾರೆ? ಒಂದು ಚಮಚ ಅಂದರೆ ಹತ್ತು ಗ್ರಾಮಿನ ಒಳಗೆ.

ಎಳ್ಳಿನ ಬಗ್ಗೆ ನಿಜಕ್ಕೂ ಹೆದರಬೇಕಾದ ಸುದ್ದಿ 2020ರ ಸೆಪ್ಟೆಂಬರಿನಲ್ಲಿ ಬಂತು, ನಮ್ಮ ಪಟ್ಟಿಕಾರರು ಅದನ್ನು ಹೆಚ್ಚುಕಮ್ಮಿ ಗಮನಿಸಲೇ ಇಲ್ಲ. ಭಾರತದಿಂದ ಹೋದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಇದೆ ಅಂತ ಬೆಲ್ಜಿಯಂ ಎಚ್ಚರಿಸಿತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯಲಿ ಅಂತ ಬಳಸುವ ಅನಿಲ ಅದು, ಕ್ಯಾನ್ಸರ್‌ಕಾರಕ. ಯುರೋಪಿನಲ್ಲಿ ಎಳ್ಳಿಗೆ ಅದರ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಬ್ರೆಡ್ಡು, ಬಿಸ್ಕತ್ತು, ಮಸಾಲೆ ಅಂತ ಎಳ್ಳು ಬಿದ್ದ ಸಾಮಾನುಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತೆಗೆಸಿದರು. ಅಕ್ಟೋಬರಿನಲ್ಲಿ ಹೊಸ ನಿಯಮ ಬಂದು, ಭಾರತದ ಎಳ್ಳಿನ ಸರಕಿನಲ್ಲಿ ಅರ್ಧದಷ್ಟನ್ನು ಗಡಿಯಲ್ಲಿ ಪರೀಕ್ಷಿಸಲು ಶುರು ಮಾಡಿದರು. ಎಳ್ಳು ಉಷ್ಣವೋ ಶೀತವೋ ಅಂತ ಪುಟಗಟ್ಟಲೆ ಬರೆಯುವವರು, ಅಲ್ಲಿ ನಪಾಸಾದ ಕಾಳಿಗೂ ನಮ್ಮ ಕಿರಾಣಿ ಅಂಗಡಿಯ ಮೂಟೆಗೂ ನಡುವೆ ಯಾವ ಗೋಡೆ ಇದೆ ಅಂತ ಒಮ್ಮೆಯಾದರೂ ಕೇಳಬೇಡವೇ?

ಇನ್ನೊಂದು ಅಪಾಯ ಕೆಲವರಿಗೆ ಮಾತ್ರ, ಆದರೆ ಅವರಿಗೆ ಅದು ಜೀವದ ಪ್ರಶ್ನೆ. ಎಳ್ಳಿನ ಅಲರ್ಜಿ. ನತಾಶಾ ಎಡ್ನನ್-ಲಪರೂಸ್ ಅನ್ನುವ 15 ವರ್ಷದ ಇಂಗ್ಲೆಂಡಿನ ಹುಡುಗಿ 2016ರಲ್ಲಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ ತಿಂದು ವಿಮಾನದಲ್ಲೇ ಕುಸಿದಳು, ಬದುಕಲಿಲ್ಲ. ಎಳ್ಳು ಬ್ರೆಡ್ಡಿನ ಮೇಲೆ ಕಾಣುವಂತೆ ಇರಲಿಲ್ಲ, ಹಿಟ್ಟಿನೊಳಗೇ ಕಲಸಿತ್ತು. ಅಂಗಡಿಯಲ್ಲೇ ಮಾಡಿ ಸುತ್ತಿಟ್ಟ ತಿಂಡಿಗೆ ಚೀಟಿ ಬೇಡ ಅನ್ನುವುದು ಆಗಿನ ನಿಯಮ. 2021ರ ಅಕ್ಟೋಬರಿನಿಂದ ಅಲ್ಲಿ ಅವಳ ಹೆಸರಿನ ಕಾನೂನು ಇದೆ, ಇಂಥ ಪೊಟ್ಟಣಗಳ ಮೇಲೂ ಒಳಗೇನಿದೆ ಅಂತ ಪೂರ್ತಿ ಬರೆಯಲೇಬೇಕು.

ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳು ಒಂಬತ್ತನೇ ಮುಖ್ಯ ಅಲರ್ಜಿ ಪದಾರ್ಥ, ಲೇಬಲ್ಲಿನಲ್ಲಿ ಹೆಸರು ಬರಲೇಬೇಕು. ಆಮೇಲೆ ಏನಾಯ್ತು ಗೊತ್ತಾ? ಯಂತ್ರಗಳನ್ನು ಎಳ್ಳಿನ ಚೂರೂ ಉಳಿಯದಂತೆ ತೊಳೆಯುವುದು ಕಷ್ಟ ಅಂತ, ಕೆಲವು ಬ್ರೆಡ್ ಕಂಪನಿಗಳು ಮೊದಲು ಎಳ್ಳೇ ಇಲ್ಲದಿದ್ದ ಬ್ರೆಡ್ಡಿಗೂ ಬೇಕಂತಲೇ ಚೂರು ಎಳ್ಳಿನ ಹಿಟ್ಟು ಸೇರಿಸಿ 'ಎಳ್ಳು ಇದೆ' ಅಂತ ಬರೆದುಬಿಟ್ಟವು. ಕಾನೂನು ಪಾಲಿಸಿದ ಹಾಗೂ ಆಯ್ತು, ಅಲರ್ಜಿಯವರ ಬಾಯಿಂದ ಇದ್ದ ಬ್ರೆಡ್ಡನ್ನೂ ಕಿತ್ತುಕೊಂಡ ಹಾಗೂ ಆಯ್ತು. ರಂಗೋಲಿ ಕೆಳಗೆ ನುಸುಳುವುದು ನಮಗೆ ಮಾತ್ರ ಗೊತ್ತಿರುವ ವಿದ್ಯೆ ಅಂದುಕೊಂಡಿದ್ದೆವು.

ನಮ್ಮಲ್ಲಿ? ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಅಲರ್ಜಿ ಪಟ್ಟಿಯಲ್ಲಿ ಗೋಧಿ, ಹಾಲು, ಮೊಟ್ಟೆ, ಮೀನು, ಕಡ್ಲೆಕಾಯಿ, ಸೋಯಾ ಎಲ್ಲ ಇವೆ. ಎಳ್ಳು ಇಲ್ಲ. ಎಣ್ಣೆಗೆ ಹೆಸರು ಕೊಟ್ಟ ಕಾಳಿಗೇ ಅಲ್ಲಿ ಹೆಸರಿಲ್ಲ. ಇನ್ನೂ ವಿಚಿತ್ರ ಅಂದರೆ, ವನಸ್ಪತಿಯಲ್ಲಿ ನೂರಕ್ಕೆ ಐದು ಭಾಗ ಎಳ್ಳೆಣ್ಣೆ ಇರಲೇಬೇಕು ಅಂತ ದಶಕಗಳ ಕಾಲ ಕಾನೂನೇ ಇತ್ತು. ಕಾರಣ ಆರೋಗ್ಯವಲ್ಲ. ಎಳ್ಳೆಣ್ಣೆಗೆ ಆಮ್ಲ ಮತ್ತು ಫರ್ಫ್ಯುರಾಲ್ ಸೇರಿಸಿದರೆ ಕೆಂಪು ಬಣ್ಣ ಬರುತ್ತದೆ. ತುಪ್ಪಕ್ಕೆ ಯಾರಾದರೂ ವನಸ್ಪತಿ ಬೆರೆಸಿದ್ದರೆ ಒಳಗಿರುವ ಎಳ್ಳು ಹೊರಗೆ ಬಂದು ಸಾಕ್ಷಿ ಹೇಳುತ್ತದೆ! ಬಲು ಜಾಣ ಉಪಾಯ, ನನಗೆ ಮೆಚ್ಚುಗೆಯೇ. ಆದರೆ ಆ ವನಸ್ಪತಿಯಲ್ಲಿ ಮಾಡಿದ ಬೇಕರಿ ಬಿಸ್ಕತ್ತು ತಿಂದವರಿಗೆ ತಾವು ಎಳ್ಳು ತಿಂದೆವು ಅಂತ ಹೇಗೆ ಗೊತ್ತಾಗಬೇಕು?

ಎಳ್ಳು ತಿಂದ ಕೂಡಲೇ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಅಂತಾದರೆ ಅದು ಉಷ್ಣ ಅಲ್ಲ, ಮಜ್ಜಿಗೆ ಕುಡಿದರೆ ಇಳಿಯಲ್ಲ. ಉಸಿರು ಕಟ್ಟುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು, ಅಲ್ಲಿ ಕೊಡುವುದು ಅಡ್ರಿನಲಿನ್ ಇಂಜೆಕ್ಷನ್. ಇಂಥವರಿಗೆ ಗಾಣದ ಎಳ್ಳೆಣ್ಣೆಯೂ ಆಗದು, ಯಾಕೆಂದರೆ ಅದರಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ. ಹೊರಗಿನವರಿಗೆ ಬನ್ನು, ಹಮ್ಮಸ್ ಅಂತ ಹುಷಾರಾಗಿರಲು ಹೇಳುತ್ತಾರೆ. ನಮ್ಮ ಪಟ್ಟಿಯೇ ಬೇರೆ: ಚಕ್ಕುಲಿ, ನಿಪ್ಪಟ್ಟು, ಇಡ್ಲಿ ಪುಡಿ, ಎಣ್ಣೆಗಾಯಿಯ ಮಸಾಲೆ, ಪುಳಿಯೋಗರೆ ಗೊಜ್ಜು. ಕಾಂಡಿಮೆಂಟ್ಸ್ ಅಂಗಡಿಯ ಬರೀ ಪ್ಲಾಸ್ಟಿಕ್ ಕವರಿನಲ್ಲಿ ತೂಗಿ ಕೊಡುವ ಚಕ್ಕುಲಿಗೆ ಯಾವ ಲೇಬಲ್ಲೂ ಇಲ್ಲ, ಮದುವೆ ಮನೆಯ ಎಲೆಗೆ ಮೊದಲೇ ಇಲ್ಲ. ಅಲ್ಲಿರುವುದು ಒಂದೇ ದಾರಿ, ಪಂಕ್ತಿಯಿಂದ ಎದ್ದು ಹಿಂದಿನ ಅಡುಗೆ ಶೆಡ್ಡಿಗೆ ಹೋಗಿ, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಿರುವವರನ್ನು ಕೇಳುವುದು: "ಭಟ್ರೇ, ಗೊಜ್ಜಿಗೆ ಎಳ್ಳು ಹಾಕಿದ್ದೀರಾ?"